ಪೀಚೆಕತ್ತಿ ಹೋದ ದಾರಿ

ನಾನು ಕೆಲಸಕ್ಕೆ ಸೇರಿದ ಹೊಸತು. ಎಂಟನೆಯ ತರಗತಿಗೆ ಕೊಡಗಿನ ಕೊನೆಯ ಅರಸನ ಪಾಠ ಮಾಡುತ್ತಿದ್ದೆ. 1834ರ ಏಪ್ರಿಲ್‌ನಲ್ಲಿ ಇಂಗ್ಲಿಷರ ಸೈನ್ಯ ಮಡಿಕೇರಿಗೆ ಬಂದದ್ದು, ಚಿಕ್ಕವೀರರಾಜ ಶರಣಾದದ್ದು, ಅವನನ್ನು ಕಾಶಿಗೆ ಕಳಿಸಿದ್ದು, ಇಷ್ಟನ್ನು ಹೇಳಿ ಹಲಗೆಯ ಮೇಲೆ ಇಸವಿ ಬರೆಯಲು ತಿರುಗಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಟೀಚರ್, ನಮ್ಮನೇಲಿ ರಾಜರ ಕಾಲದ ಪೀಚೆಕತ್ತಿ ಇದೆ. ನಿಮ್ಮನೇಲಿ ಇದೆಯಾ?"

"ಇದೆಯಪ್ಪ. ಸದ್ಯ ರಿಪೇರಿಗೆ ಕೊಟ್ಟಿದ್ದೇವೆ" ಎಂದೆ.

ಅದು ಸುಳ್ಳು. ಆದರೆ ಸುಳ್ಳೆಂದು ನನಗೇ ಗೊತ್ತಿರಲಿಲ್ಲ. ಅಪ್ಪ ನನಗೆ ಹೇಳಿದ್ದನ್ನು ನಾನು ಹುಡುಗನಿಗೆ ಹೇಳಿದ್ದೆ, ಅಷ್ಟೆ. ಒರೆಯ ಬೆಳ್ಳಿ ಸಡಿಲವಾಗಿದೆ, ಕೆಲಸದವನಿಗೆ ಕೊಟ್ಟಿದ್ದೇನೆ ಎಂದು ಅಪ್ಪ ಒಂದು ಕೈಲ್‌ಪೊಳ್ದ್ ಹಬ್ಬದ ದಿನ ಹೇಳಿದ್ದರು. ಮರುವರ್ಷವೂ ಅದನ್ನೇ ಹೇಳಿದರು. ಮೂರನೆಯ ವರ್ಷದಿಂದ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೊಡಗಿನ ಮನೆಗಳಲ್ಲಿ ಹಾಗೆಯೇ. ಗಂಡಸರು ಯಾವುದನ್ನು ಎರಡು ಸಲಕ್ಕಿಂತ ಹೆಚ್ಚು ವಿವರಿಸುವುದಿಲ್ಲವೋ ಅದನ್ನು ಹೆಂಗಸರು ಮೂರನೆಯ ಸಲ ಕೇಳುವುದಿಲ್ಲ.

ಬಯಲುಸೀಮೆಯ ಓದುಗರಿಗಾಗಿ ಪೀಚೆಕತ್ತಿ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಕೊಡವರ ಮದುವೆಗೆ ಹೋದವರು ಮದುಮಗನನ್ನು ನೋಡಿಯೇ ಇರುತ್ತೀರಿ. ಮೊಣಕಾಲಿನವರೆಗಿನ ಬಿಳಿಯ ಕುಪ್ಯ, ನಡುವಿಗೆ ಬಿಗಿದ ಕೆಂಪು ರೇಷ್ಮೆಯ ಚೇಲೆ, ತಲೆಗೆ ಮಂಡೆತುಣಿ. ಉಳಿದ ನೆಂಟರ ಕುಪ್ಯ ಕಪ್ಪು. ಆ ಚೇಲೆಯ ಮುಂದೆ ಬಲಗಡೆಗೆ ಸಿಕ್ಕಿಸಿದ ಚಿಕ್ಕ ಕತ್ತಿಯೇ ಪೀಚೆಕತ್ತಿ. ಅಲಗು ಒಂದು ಗೇಣಿನಷ್ಟು, ಒಂದೇ ಕಡೆ ಬಾಯಿ. ಹಿಡಿ ಮರದ್ದೋ ಕೊಂಬಿನದೋ ದಂತದ್ದೋ ಇರಬಹುದು. ಅದರ ತುದಿ ಹಕ್ಕಿಯ ತಲೆಯಂತೆ ಬಾಗಿರುತ್ತದೆ. ಮರದ ಒರೆಗೆ ಬೆಳ್ಳಿಯ ಕವಚ. ಒರೆಯಿಂದ ಬೆಳ್ಳಿಯ ಸರಪಳಿಯೊಂದು ಇಳಿದಿರುತ್ತದೆ. ಸರಪಳಿಯ ತುದಿಯಲ್ಲಿ ಗೊಂಚಲಾಗಿ ತೂಗುವ ಪುಟ್ಟ ಪುಟ್ಟ ಸಾಮಾನುಗಳಿರುತ್ತವೆ: ಮುಳ್ಳು ಕೀಳುವ ಚಿಮಟ, ಉಗುರು ತೆಗೆಯುವ ಕಡ್ಡಿ, ಕಿವಿಯ ಗುಗ್ಗೆ ತೆಗೆಯುವ ಚಮಚ. ವೀರನ ಸೊಂಟದಲ್ಲಿ ಕಿವಿಕಡ್ಡಿ! ಚಿಕ್ಕಂದಿನಲ್ಲಿ ನನಗೆ ಇಡೀ ಕತ್ತಿಯಲ್ಲಿ ಇಷ್ಟವಾಗುತ್ತಿದ್ದದ್ದು ಅದೊಂದೇ.

ಬೆನ್ನ ಹಿಂದೆ ಇನ್ನೊಂದು ಕತ್ತಿಯಿರುತ್ತದೆ. ಅದು ಒಡಿಕತ್ತಿ. ಅದಕ್ಕೆ ಒರೆಯಿಲ್ಲ. ತೋಡಂಗ್ ಎಂಬ ಹಿತ್ತಾಳೆಯ ಕೊಕ್ಕೆಗೆ ಸಿಕ್ಕಿಸಿಕೊಳ್ಳುತ್ತಾರೆ. ಕುಡುಗೋಲಿನಂತೆ ಒಳಬಾಗಿದ ಅಗಲವಾದ ಅಲಗು, ಬಾಯಿಯೂ ಒಳಬದಿಗೇ. ಕಾಡು ಕಡಿಯುವ ಕತ್ತಿಯೇ ದಂಡಿಗೆ ಹೋಗಿ ದೊಡ್ಡದಾದಂತೆ ಕಾಣುತ್ತದೆ. ಈಗ ಅದಕ್ಕಿರುವ ಕೆಲಸ ಮದುವೆಯಲ್ಲಿ ಬಾಳೆ ಕಡಿಯುವುದು. ನೆಟ್ಟ ಬಾಳೆ ದಿಂಡುಗಳನ್ನು ಒಂದೊಂದೇ ಏಟಿಗೆ ತುಂಡರಿಸಬೇಕು. ಎರಡನೆಯ ಏಟು ಹಾಕಿದವನನ್ನು ಆ ಮದುವೆಯ ಊಟ ಮುಗಿಯುವತನಕ ಭಾವಮೈದುನರು ಬಿಡುವುದಿಲ್ಲ.

ಒಡಿಕತ್ತಿ ದುಡಿಯುವ ಕತ್ತಿಯಾದರೆ ಪೀಚೆಕತ್ತಿ ಮರ್ಯಾದೆಯ ಕತ್ತಿ. ಬೇಟೆಗೆ ಹೋಗುವವನು ಕೋವಿ ಹಿಡಿದು ಹೋಗುತ್ತಿದ್ದ, ಒಡಿಕತ್ತಿಯನ್ನೂ ಒಯ್ಯುತ್ತಿದ್ದ. ಪೀಚೆಕತ್ತಿಯಿಂದ ಯಾರೂ ಹಂದಿ ಕೊಯ್ದದ್ದನ್ನು ನಾನು ಕಾಣೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಸೆಪ್ಟೆಂಬರ್ ತಿಂಗಳ ಮೊದಲಿಗೆ, ನಾಟಿ ಕೆಲಸ ಮುಗಿದು ಮಳೆ ಸ್ವಲ್ಪ ಉಸಿರಾಡುವ ಹೊತ್ತಿಗೆ, ಕೈಲ್‌ಪೊಳ್ದ್ ಬರುತ್ತದೆ. ಆಯುಧಗಳ ಹಬ್ಬ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ತೊಳೆದು ಒರೆಸಿ ಕನ್ನಿಕೊಂಬರೆಯೆಂಬ ದೇವರ ಕೋಣೆಯಲ್ಲಿಟ್ಟು ತೋಕ್ ಪೂವಿನಿಂದ ಸಿಂಗರಿಸುತ್ತೇವೆ. ತೋಕ್ ಎಂದರೆ ಕೋವಿ. ಕೋವಿಯ ಬಾಯಿಗೆ ಸಿಕ್ಕಿಸುವ ಹೂವಾದ್ದರಿಂದ ಆ ಹೆಸರು. ಬೆಂಕಿಯ ನಾಲಗೆಯಂತಿರುವ ಕೆಂಪು ಹಳದಿಯ ಈ ಹೂವನ್ನು ನೀವು ಅಗ್ನಿಶಿಖೆ ಎನ್ನುತ್ತೀರಿ. ಕಡುಂಬುಟ್ಟು, ಹಂದಿ ಸಾರು, ಆಮೇಲೆ ಅಂಗಳದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹಬ್ಬದ ವರ್ಣನೆಯನ್ನು ನೀವು ಬೇಕಾದಷ್ಟು ಕಡೆ ಓದಿರುತ್ತೀರಿ.

ಆದರೆ ಹಬ್ಬದ ಹಿಂದಿನ ದಿನದ ವರ್ಣನೆ ಎಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಅದು ಹೆಂಗಸರ ದಿನ. ಕೊಡಗಿನ ಮಳೆಗಾಲದಲ್ಲಿ ಮೂರು ತಿಂಗಳು ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ಗತಿಯೇನು ಹೇಳಿ! ಅಜ್ಜಿ ಪೀಚೆಕತ್ತಿಯನ್ನು ಒರೆಯಿಂದ ತೆಗೆದು ಚಾಪೆಯ ಮೇಲಿಡುತ್ತಿದ್ದರು. ತುಕ್ಕಿನ ಚುಕ್ಕೆಗಳಿಗೆ ನಯವಾಗಿ ಜರಡಿ ಹಿಡಿದ ಬೂದಿ, ಆಮೇಲೆ ತೆಂಗಿನೆಣ್ಣೆಯಲ್ಲಿ ಅದ್ದಿದ ಹಳೆಯ ಬಟ್ಟೆ. ಬೆಳ್ಳಿಗೆ ವಿಭೂತಿ, ಅದೂ ಹಗುರವಾಗಿ. "ಉಜ್ಜಿ ಉಜ್ಜಿ ಹೂವಿನ ಕೆಲಸವನ್ನೇ ಅಳಿಸಿಬಿಡಬೇಡ" ಎಂದು ಅವ್ವನನ್ನು ಗದರುತ್ತಿದ್ದರು. ಸರಪಳಿ ಒರೆಸುವುದು ನನ್ನ ಪಾಲಿನ ಕೆಲಸ. ಏಳನೆಯ ವಯಸ್ಸಿನಲ್ಲಿ ಆ ಕಿವಿಯ ಚಮಚವನ್ನು ಕಿವಿಗೆ ಹಾಕಿ ನೋಡಲು ಹೋಗಿ ಮುರಿದುಹಾಕಿದೆ. ಏಟು ಬಿತ್ತು. ಅಪ್ಪ ಸಂತೆಯಲ್ಲಿ ಹಿತ್ತಾಳೆಯದೊಂದನ್ನು ಮಾಡಿಸಿ ಸಿಕ್ಕಿಸಿದರು. ಬೆಳ್ಳಿಯ ಗೊಂಚಲಿನ ನಡುವೆ ಅದೊಂದು ಹಳದಿಯಾಗಿ, ನನ್ನ ತಪ್ಪನ್ನು ವರ್ಷವರ್ಷವೂ ತೋರಿಸುತ್ತ ತೂಗುತ್ತಿತ್ತು.

ಮರುದಿನ ಬೆಳಿಗ್ಗೆ ಅದನ್ನು ಎತ್ತಿ ಸಿಕ್ಕಿಸಿಕೊಳ್ಳುವವರು ಗಂಡಸರು. ಒರೆಸಿದವರು ಬಾಗಿಲ ಬಳಿ ನಿಂತು ನೋಡುವವರು. ಇದನ್ನು ದೂರಾಗಿ ಹೇಳುತ್ತಿಲ್ಲ. ಆದರೆ ಆ ಕತ್ತಿಯ ಒಂದೊಂದು ಗೀರು, ಒಂದೊಂದು ಸಡಿಲಾದ ಮೊಳೆ ಗೊತ್ತಿದ್ದದ್ದು ನಮಗೇ ಹೊರತು ಅದನ್ನು ತೊಟ್ಟವರಿಗಲ್ಲ. ಇದು ಮಾತ್ರ ನಿಜ.

ಇನ್ನು ಚರಿತ್ರೆಗೆ ಬರೋಣ. ಆಯುಧ ಇಟ್ಟುಕೊಂಡ ಜನರಿಂದ ಆಯುಧ ಕಿತ್ತುಕೊಳ್ಳುವುದು ಗೆದ್ದ ಸರ್ಕಾರದ ಮೊದಲ ಕೆಲಸ. 1857ರ ದಂಗೆಯಾದ ಮೇಲೆ ಇಂಗ್ಲಿಷರು 1860ರಲ್ಲಿ ಅದಕ್ಕೊಂದು ಕಾಯಿದೆಯನ್ನೇ ಮಾಡಿದರು. ಆದರೆ 1861ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿನ ಆ ಕಬ್ಬನ್ನೇ, ಕೊಡವರನ್ನು ಅದರಿಂದ ಹೊರಗಿಟ್ಟ. ಅವರ ನಿಷ್ಠೆಯನ್ನೂ ಧೈರ್ಯವನ್ನೂ ಹೊಗಳಿದ ಆ ಆದೇಶ ನಮ್ಮ ಕಡೆ ಬಹಳ ಹೆಸರುವಾಸಿ. ಆ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದದ್ದೂ ಆಯಿತು, 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿದದ್ದೂ ಆಯಿತು. ಅಂದರೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಗಳು ನಮ್ಮ ಮನೆಯ ಕತ್ತಿಗೆ ಕೈ ಹಾಕಲಿಲ್ಲ.

ಕೈ ಹಾಕಿದವರು ಬೇರೆ. ಅವರು ಕಿತ್ತುಕೊಳ್ಳಲಿಲ್ಲ, ಮೆಚ್ಚಿಕೊಂಡರು.

ಮೊದಲು ಮೆಚ್ಚಿ ಬರೆದವರಲ್ಲಿ ನನ್ನ ವೃತ್ತಿಯವರೇ ಒಬ್ಬರಿದ್ದಾರೆ. ಮಡಿಕೇರಿಯ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಜರ್ಮನ್ ಪಾದ್ರಿ ರಿಕ್ಟರ್. 1870ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಂದ ಅವರ ಕೊಡಗಿನ ಕೈಪಿಡಿಯಲ್ಲಿ ನಮ್ಮ ಉಡುಪು, ಆಯುಧ, ಹುಟ್ಟು, ಮದುವೆ, ಸಾವು ಎಲ್ಲದರ ವಿವರವಿದೆ. ಗಂಡು ಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲುಬಾಣ ಮಾಡಿ ಅದರ ಕೈಗಿಟ್ಟು ಅಂಗಳದಲ್ಲಿ ಕೋವಿ ಹಾರಿಸುತ್ತಿದ್ದರೆಂದು ಬರೆದವರು ಅವರೇ. ಮೇಷ್ಟರ ಕಣ್ಣು ನೋಡಿ! ಕತ್ತಿಯನ್ನು ನೋಡಿದರೂ ಅದು ಯಾವ ಮನೆಯಲ್ಲಿ, ಯಾವ ದಿನ, ಯಾಕೆ ಹೊರಬರುತ್ತದೆಂದು ಕೇಳಿಕೊಂಡಿದ್ದಾರೆ.

ಅದಾದ ಹತ್ತು ವರ್ಷಕ್ಕೆ, 1880ರಲ್ಲಿ, ಲಾರ್ಡ್ ಎಗರ್ಟನ್ ಎಂಬವರು ಭಾರತದ ಆಯುಧಗಳ ಸಚಿತ್ರ ಪುಸ್ತಕವೊಂದನ್ನು ಲಂಡನ್ನಿನಲ್ಲಿ ಹೊರತಂದರು. ಅಷ್ಟು ಹೊತ್ತಿಗೆ ನಮ್ಮ ದೇಶದ ಕತ್ತಿ, ಬಾಕು, ಈಟಿಗಳು ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಸಾಲಾಗಿ ಕುಳಿತಿದ್ದವು. ಕೊಡಗಿನವೂ ಅವುಗಳ ಜೊತೆ ಸೇರಿದ್ದವು. ಅಮೆರಿಕದ ಜಾರ್ಜ್ ಕ್ಯಾಮರನ್ ಸ್ಟೋನ್ ಎಂಬ ಸಂಗ್ರಾಹಕ ಪ್ರಪಂಚದ ಮೂಲೆಮೂಲೆಯ ಆಯುಧಗಳನ್ನು ಕೂಡಿಸಿ 1934ರಲ್ಲಿ ಅವುಗಳದೊಂದು ದೊಡ್ಡ ನಿಘಂಟನ್ನೇ ಬರೆದ. ಸತ್ತಾಗ ತನ್ನ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಬಿಟ್ಟುಹೋದ. ಇಂಥ ಪುಸ್ತಕಗಳಲ್ಲಿ ಪೀಚೆಕತ್ತಿ 'ಪಿಚಂಗತ್ತಿ'ಯಾಗಿದೆ. ಒಡಿಕತ್ತಿ 'ಅಯ್ದಕತ್ತಿ'ಯಾಗಿದೆ. ಮದುವೆಯಾಗಿ ದೂರದ ಊರಿಗೆ ಹೋದ ಹೆಣ್ಣುಮಗಳ ಹೆಸರು ಬದಲಾಯಿಸಿದಂತೆ. ಮ್ಯೂಸಿಯಮ್ಮಿನ ಚೀಟಿಯಲ್ಲಿ ಏನೇನಿರುತ್ತದೆ? ಉದ್ದ, ತೂಕ, ಉಕ್ಕು, ಬೆಳ್ಳಿ, ದಂತ, ಕೊಡಗು, ಇಂಥ ಶತಮಾನ, ಇಂಥವರು ಕೊಟ್ಟದ್ದು. ಯಾವ ಒಕ್ಕದ್ದು, ಯಾರು ತೊಟ್ಟರು, ಯಾಕೆ ಮನೆ ಬಿಟ್ಟಿತು ಎಂಬುದಕ್ಕೆ ಆ ಚೀಟಿಯಲ್ಲಿ ಜಾಗವೇ ಇರುವುದಿಲ್ಲ.

ಈಗ ನಮ್ಮ ಮನೆಯ ಮಾತು. 1989ರಲ್ಲಿ ನಾನು ಬಿ.ಎ. ಮುಗಿಸಿದೆ. ಇತಿಹಾಸದಲ್ಲಿ ಒಳ್ಳೆಯ ಅಂಕಗಳು ಬಂದಿದ್ದವು, ಬಿ.ಎಡ್. ಮಾಡಬೇಕೆಂಬ ಹಟ. ಅದೇ ವರ್ಷದ ಜುಲೈಯಲ್ಲಿ ದೇಶದೇಶಗಳ ನಡುವಿನ ಕಾಫಿ ಒಪ್ಪಂದ ಮುರಿದುಬಿತ್ತು. ಯಾವ ದೇಶ ಎಷ್ಟು ಮಾರಬೇಕೆಂಬ ಕಟ್ಟು ತಪ್ಪಿ ಪ್ರಪಂಚದಲ್ಲೆಲ್ಲ ಕಾಫಿಯ ಬೆಲೆ ಇಳಿಯಿತು. ಲಂಡನ್ನಿನಲ್ಲಿ ಕಾಗದ ಹರಿದರೆ ಕೊಡಗಿನ ನಾಲ್ಕು ಎಕರೆಯ ತೋಟದವನ ಮನೆಯಲ್ಲಿ ದೀಪ ಮಂಕಾಗುತ್ತದೆಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆದರೂ ಅಪ್ಪ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಫೀಸು ಕಟ್ಟಿದರು, ಹಾಸ್ಟೆಲ್ಲಿನ ಆರು ತಿಂಗಳ ಹಣ ಮುಂಗಡವಾಗಿ ಕೊಟ್ಟರು, ಒಂದು ಹೊಸ ಸೂಟ್‌ಕೇಸೂ ತೆಗೆಸಿಕೊಟ್ಟರು. "ಎಲ್ಲಿಂದ ಬಂತಪ್ಪ ಇಷ್ಟು?" ಎಂದೆ. "ಮೆಣಸು ಚೆನ್ನಾಗಿ ಬಂತು" ಎಂದರು.

1997ರಲ್ಲಿ ಅಣ್ಣನ ಮದುವೆ. ಹಿಂದಿನ ದಿನ ಅವ್ವ ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡು ಪಕ್ಕದ ಒಕ್ಕದವರ ಮನೆಯಿಂದ ಬಂದರು. ಪೀಚೆಕತ್ತಿ! ಆದರೆ ನಮ್ಮದಲ್ಲ. ಹಿಡಿ ಬೇರೆ, ಗೊಂಚಲಿನಲ್ಲಿ ಹಳದಿಯ ಚಮಚವಿಲ್ಲ. ನಾನು ಅವರ ಮುಖ ನೋಡಿದೆ. ಅಡಿಗೆಮನೆಯ ಹಿಂದಿನ ಹಜಾರದಲ್ಲಿ, ಅಕ್ಕಿ ಆರಿಸುತ್ತ, ನನ್ನ ಕಡೆ ನೋಡದೆಯೇ ಅವ್ವ ಹೇಳಿದರು.

1989ರ ಮಳೆಗಾಲದಲ್ಲಿ ಚೀಲ ಹಿಡಿದವನೊಬ್ಬ ಮನೆಮನೆಗೆ ಬರುತ್ತಿದ್ದನಂತೆ. ಹಳೆಯ ಕಂಚು, ದೀಪ, ಕೆತ್ತನೆಯ ಬಾಗಿಲು, ಕತ್ತಿ ಏನಿದ್ದರೂ ಕೊಳ್ಳುತ್ತಿದ್ದ. ನಮ್ಮ ಮನೆಯಲ್ಲಿ ಕತ್ತಿಯನ್ನು ಕೈಯಲ್ಲಿ ಹಿಡಿದು ನೋಡಿದ. ಸರಪಳಿಯನ್ನೂ ಒರೆಯ ಬೆಳ್ಳಿಯನ್ನೂ ಅಂದಾಜಿನಲ್ಲಿ ತೂಗಿದ. ಬೆಳ್ಳಿಗೆ ಒಂದು ಬೆಲೆ ಹೇಳಿದ, ಅಲಗಿಗೆ ಮೇಲೆ ಸ್ವಲ್ಪ ಸೇರಿಸಿದ. ಹಿತ್ತಾಳೆಯ ಚಮಚವನ್ನು ಬೆರಳಿನಿಂದ ತೋರಿಸಿ ಅದಕ್ಕೆಂದು ಹತ್ತು ರೂಪಾಯಿ ಕಡಿಮೆ ಮಾಡಿದ. ಅವನು ಹೋದ ಮೇಲೆ ಅಪ್ಪ ಎರಡು ದಿನ ತೋಟದ ಮನೆಯಲ್ಲಿಯೇ ಇದ್ದರು.

"ನಿನಗೆ ಹೇಳಕೂಡದು ಅಂದಿದ್ದರು. ಹೇಳಿದರೆ ಓದು ಬಿಟ್ಟು ಬಂದುಬಿಡ್ತಾಳೆ ಅಂತ" ಎಂದರು ಅವ್ವ.

ನಾನು ಅಕ್ಕಿಯ ಮೊರ ನೋಡುತ್ತ ಕುಳಿತೆ. ಕೋಪವೋ ದುಃಖವೋ ಈಗಲೂ ಹೇಳಲಾರೆ. ಏಳು ತಲೆಮಾರಿನ ಗಂಡಸರು ತೊಟ್ಟದ್ದನ್ನು ಒಬ್ಬ ಹುಡುಗಿಯ ಓದಿಗಾಗಿ ಕೊಟ್ಟ ಅಪ್ಪನ ಬಗ್ಗೆ ಹೆಮ್ಮೆಪಡಬೇಕಿತ್ತು. ನನಗೆ ನೆನಪಾದದ್ದು ಆ ಹಿಂದಿನ ಬೆಂಚಿನ ಹುಡುಗ. ಚರಿತ್ರೆಯ ಟೀಚರಾಗಿ ನಾನು ಹಲಗೆಯ ಮುಂದೆ ನಿಂತಿದ್ದೇ ಮನೆಯ ಚರಿತ್ರೆಯನ್ನು ಮಾರಿದ ದುಡ್ಡಿನಿಂದ. ಅಪ್ಪನನ್ನು ನಾನು ಕೇಳಲಿಲ್ಲ. ಅವರೂ ಹೇಳದೆಯೇ ಹೋದರು.

ಆಮೇಲೆ ನನಗೊಂದು ಹುಚ್ಚು ಹಿಡಿಯಿತು. ಎಲ್ಲಿ ಹಳೆಯ ಸಾಮಾನಿನ ಅಂಗಡಿ ಕಂಡರೂ ಒಳಗೆ ಹೋಗುವುದು. ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೂ ಜೊತೆಯ ಟೀಚರಿಗೆ ಒಪ್ಪಿಸಿ ಹತ್ತು ನಿಮಿಷ ಕಳ್ಳಿಯಂತೆ ಹೋಗಿಬರುವುದು. 2008ರ ಬೇಸಿಗೆಯಲ್ಲಿ ಒಂದು ದೊಡ್ಡ ಊರಿನ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ನೀಲಿ ಮಖಮಲ್ಲಿನ ಮೇಲೆ ಅದು ಮಲಗಿತ್ತು. ಪಕ್ಕದಲ್ಲಿ ಚೀಟಿ: ಅಪರೂಪದ ಬೇಟೆ ಕತ್ತಿ, ಕೈಕೆಲಸ.

ಬೇಟೆ ಕತ್ತಿಯಂತೆ! ನನ್ನೊಳಗಿನ ಟೀಚರಿಗೆ ಕೆಂಪು ಪೆನ್ನು ತೆಗೆಯುವಂತಾಯಿತು.

ಕೈಗೆ ತೆಗೆದುಕೊಂಡು ನೋಡಿದೆ. ಹಿಡಿ ನಮ್ಮದರ ಹಾಗೆಯೇ. ಒರೆಯ ಬಾಯಿಯ ಹತ್ತಿರ ಸಡಿಲಾದ ಬೆಳ್ಳಿ, ಅದೂ ನಮ್ಮದರ ಹಾಗೆಯೇ. ಎದೆ ಹೊಡೆದುಕೊಳ್ಳತೊಡಗಿತು. "ಇದರ ಸರಪಳಿ ಎಲ್ಲಿ?" ಎಂದೆ. "ಅದನ್ನು ಬೇರೆ ಮಾಡಿ ಮಾರಿದೆವು ಮೇಡಂ. ಒಬ್ಬರು ಕೊರಳಿಗೆ ಹಾಕಿಕೊಳ್ಳುತ್ತೇನೆಂದು ತೆಗೆದುಕೊಂಡು ಹೋದರು" ಎಂದ ಅಂಗಡಿಯವನು.

ನಮ್ಮದೋ ಅಲ್ಲವೋ ಹೇಳಬಲ್ಲ ಗುರುತು ಒಂದೇ ಇತ್ತು. ಅದು ಯಾರದೋ ಕೊರಳಲ್ಲಿ ಹೋಗಿತ್ತು. ಅಂಗಡಿಯವನು ಹೇಳಿದ ಬೆಲೆ ನನ್ನ ಮೂರು ತಿಂಗಳ ಸಂಬಳ. ಕೊಡಬಹುದಿತ್ತು, ಸಾಲ ಮಾಡಿಯಾದರೂ ಕೊಡಬಹುದಿತ್ತು. ಆದರೆ ಅದು ನಮ್ಮದಲ್ಲದೆ ಇನ್ನೊಂದು ಮನೆಯ ಕಷ್ಟವಾಗಿದ್ದರೆ? ಆಗ ನಾನೂ ಚೀಲ ಹಿಡಿದವಳೇ ಆಗುತ್ತಿದ್ದೆ. ಹಾಗೆಯೇ ಇಟ್ಟು ಬಂದೆ. ಇಂದಿಗೂ ಕೆಲವು ರಾತ್ರಿ, ಕೊಳ್ಳಬೇಕಿತ್ತೇನೋ ಎನ್ನಿಸುವುದುಂಟು.

ಈ ಕಥೆಯನ್ನೆಲ್ಲ ಕೇಳಿ ನಕ್ಕವನು ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗ. ರಜೆಗೆ ಬಂದಿದ್ದ. ಅಲ್ಲಿ ಬೇಟೆ ಕತ್ತಿಗಳನ್ನು ಕೂಡಿಡುವುದು ದೊಡ್ಡ ಹವ್ಯಾಸವಂತೆ. ಕಾರ್ಖಾನೆಯ ಕತ್ತಿಯಲ್ಲ, ಒಬ್ಬ ಕಮ್ಮಾರ ಹೇಳಿ ಮಾಡಿಸಿದಂತೆ ಕೈಯಲ್ಲೇ ಮಾಡಿದ ಕತ್ತಿ. ಅವನು ಹೇಳಿದ್ದನ್ನು ಆಮೇಲೆ ನಾನೂ ಹುಡುಕಿ ಓದಿದೆ. ಮಿಷಿಗನ್ನಿನಲ್ಲಿ ವಿಲಿಯಂ ಸ್ಕೇಗಲ್ ಎಂಬ ಒಂಟಿ ಮನುಷ್ಯನೊಬ್ಬ ಜಿಂಕೆಯ ಕೊಂಬು, ಚರ್ಮದ ಬಿಲ್ಲೆಗಳನ್ನು ಹಿಡಿಗೆ ಹಾಕಿ ಕತ್ತಿ ಮಾಡುತ್ತಿದ್ದ. 1930ರ ದಶಕದಲ್ಲಿ ಫ್ಲಾರಿಡಾದ ಬೊ ರ್‍ಯಾಂಡಲ್ ಎಂಬ ಕಿತ್ತಳೆ ತೋಟಗಾರ ಸ್ಕೇಗಲ್ಲನ ಕತ್ತಿಯಿಂದ ಯಾರೋ ದೋಣಿಯ ಬಣ್ಣ ಕೆರೆಯುತ್ತಿದ್ದುದನ್ನು ಕಂಡ. ಅಷ್ಟಾದರೂ ಅಲಗು ಕೆಟ್ಟಿರಲಿಲ್ಲ. ಬೆರಗಾಗಿ ತಾನೂ ಕುಲುಮೆ ಹೂಡಿದ. ಎರಡನೆಯ ಮಹಾಯುದ್ಧದಲ್ಲಿ ಅವನ ಕತ್ತಿಗಾಗಿ ಸಿಪಾಯಿಗಳು ಕಾಗದ ಬರೆದು ಕಾದರು. 1963ರಲ್ಲಿ ತೀರಿಕೊಂಡ ಸ್ಕೇಗಲ್ಲನ ಒಂದು ಕತ್ತಿಗೆ ಸಂಗ್ರಾಹಕರು ಈಗ ಕೊಡುವ ಬೆಲೆ ಅವನ ಜೀವಮಾನದಲ್ಲಿ ಅವನು ಕನಸಿನಲ್ಲಿಯೂ ಕಾಣದ್ದು.

"ಅಲ್ಲಿ ಮೊದಲು ಕೇಳೋದು ಯಾರು ಮಾಡಿದ್ದು ಅಂತ. ಅಲಗಿನ ಮೇಲೆ ಹೆಸರಿರುತ್ತೆ ಅಕ್ಕ. ಹೆಸರಿಗೇ ದುಡ್ಡು" ಎಂದ ಅವನು.

ನನಗೆ ಫಕ್ಕನೆ ಏನೋ ಹೊಳೆದಂತಾಯಿತು. ನಮ್ಮ ಕತ್ತಿಯನ್ನು ಯಾರು ಮಾಡಿದ್ದು? ಅಪ್ಪನಿಗೆ ಗೊತ್ತಿರಲಿಲ್ಲ, ಅಜ್ಜಿಗೆ ಗೊತ್ತಿರಲಿಲ್ಲ. ಯಾರು ತೊಟ್ಟರೆಂದು ಏಳು ತಲೆಮಾರು ಬಾಯಿಪಾಠ ಒಪ್ಪಿಸುವ ನಾವು ಯಾರು ಬಡಿದರೆಂದು ಒಂದು ತಲೆಮಾರೂ ಹೇಳಲಾರೆವು. ಕೊಡಗಿನಲ್ಲಿ ಕಬ್ಬಿಣ, ಮರದ ಕೆಲಸ ಮಾಡುತ್ತ ಬಂದವರು ಐರಿಗಳು. ನಮ್ಮದೇ ಭಾಷೆ ಆಡುವವರು, ನಮ್ಮ ಊರಿನಲ್ಲೇ ಇರುವವರು. ಅವರ ಕೈಯ ಕೆಲಸ ನಮ್ಮ ಸೊಂಟದ ಗೌರವವಾಯಿತು, ಅವರ ಹೆಸರು ಮಾತ್ರ ಕುಲುಮೆಯಲ್ಲೇ ಉಳಿಯಿತು. ಮ್ಯೂಸಿಯಮ್ಮಿನವರು ತೊಟ್ಟವನ ಹೆಸರು ಬರೆದುಕೊಳ್ಳಲಿಲ್ಲವೆಂದು ಕೊರಗುತ್ತಿದ್ದ ನಾನು, ಮಾಡಿದವನ ಹೆಸರನ್ನು ನಾವೇ ಬರೆದಿಡಲಿಲ್ಲವೆಂದು ಯಾವತ್ತೂ ಯೋಚಿಸಿರಲಿಲ್ಲ. ಒರೆಸಿದ ಹೆಂಗಸರ ಮಾತಂತೂ ಇರಲಿ ಬಿಡಿ.

ಕೂಡಿಡುವುದರಲ್ಲಿ ಎರಡು ಬಗೆಯುಂಟು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಪ್ರಕಟಿಸಿದ ಪಟ್ಟೋಲೆ ಪಳಮೆ ಕೊಡವ ಹಾಡುಗಳ, ಪದ್ಧತಿಗಳ ದೊಡ್ಡ ಸಂಗ್ರಹ. ಅವರು ಹಾಡುವವರ ಮುಂದೆ ಕುಳಿತು ಕೇಳಿ ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ಬರೆದುಕೊಂಡ ಮಾತ್ರಕ್ಕೆ ಆ ಮನೆಯಲ್ಲಿ ಹಾಡು ಕಡಿಮೆಯಾಗಲಿಲ್ಲ. ಹಾಡನ್ನು ಕೂಡಿಸಿದರೆ ಎರಡಾಗುತ್ತದೆ. ಕತ್ತಿಯನ್ನು ಕೂಡಿಸಿದರೆ ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಹೋಗುತ್ತದೆ, ಅಷ್ಟೆ. ಹಾಗೆಂದು ಕತ್ತಿಯ ವಿಷಯದಲ್ಲಿ ಚಿಣ್ಣಪ್ಪನವರ ಕೆಲಸ ಮಾಡಲಾಗದೆಂದೇನೂ ಇಲ್ಲ.

ನಾನು ಮಕ್ಕಳಿಂದ ಶುರು ಮಾಡಿದೆ. ದಸರಾ ರಜೆಯಲ್ಲಿ ಪ್ರತಿ ಮಗುವೂ ಮನೆಯ ಒಂದು ಹಳೆಯ ವಸ್ತುವಿನ ಚಿತ್ರ ಬರೆದು, ಉದ್ದ ಅಳೆದು, ಯಾರ ಕಾಲದ್ದು, ಯಾರು ಮಾಡಿದ್ದು, ಯಾರು ತೊಳೆದು ಒರೆಸುತ್ತಾರೆ ಎಂದು ಕೇಳಿಕೊಂಡು ಬರಬೇಕು. ಪೀಚೆಕತ್ತಿಯೇ ಆಗಬೇಕೆಂದಿಲ್ಲ. ಅಡಕೆ ಕತ್ತರಿ ಬಂತು, ಮೆಟ್ಟುಗತ್ತಿ ಬಂತು, ತೋಟದ ಸಾಲಿನ ಮನೆಯ ಹುಡುಗಿಯೊಬ್ಬಳು ಅಜ್ಜಿಯ ಗಿಡ ಕತ್ತರಿಸುವ ಕತ್ತಿಯ ಚಿತ್ರ ತಂದಳು. ಅದರ ಹಿಡಿಯಲ್ಲಿ ಬೆರಳಿನ ಗುಳಿ ಬಿದ್ದಿತ್ತಂತೆ. ಅದನ್ನೂ ನೆರಳು ಹಾಕಿ ತೋರಿಸಿದ್ದಳು. ಇಪ್ಪತ್ತು ವರ್ಷದಲ್ಲಿ ಇಂಥ ಹಾಳೆಗಳು ಎರಡು ಟ್ರಂಕು ತುಂಬಿವೆ. ನನ್ನ ಸಂಗ್ರಹ ಅದೇ.

ನಿಮ್ಮ ಮನೆಯಲ್ಲಿಯೂ ಇಂಥದೊಂದು ಇದ್ದರೆ ನಾಲ್ಕು ಮಾತು ಕೇಳಿ. ಮಳೆಗಾಲದಲ್ಲಿ ಅಲಗನ್ನು ಒರೆಯೊಳಗೇ ಬಿಡಬೇಡಿ. ಮರದ ಒರೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹೊರಗೆ ಹೊಳೆಯುವ ಕತ್ತಿ ಒಳಗೇ ಕೊಳೆಯುತ್ತದೆ. ಎಣ್ಣೆ ತೆಳುವಾಗಿ ಸವರಿ, ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ಬೆಳ್ಳಿ ಕಪ್ಪಾದರೆ ಹುಣಿಸೆ ಹಾಕಿ ತಿಕ್ಕಬೇಡಿ, ಕೆಲಸದ ಗೆರೆಗಳು ಸವೆಯುತ್ತವೆ. ದಂತದ ಹಿಡಿಯಿದ್ದರೆ ಮಾರುವ ಮಾತೇ ಬೇಡ. 1972ರ ವನ್ಯಜೀವಿ ಕಾಯಿದೆಗೆ 1986ರಲ್ಲಿ ತಿದ್ದುಪಡಿಯಾಗಿ ನಮ್ಮ ದೇಶದ ದಂತದ ವ್ಯಾಪಾರವೇ ನಿಂತಿತು. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸಕೂಡದೆಂದು 1972ರ ಇನ್ನೊಂದು ಕಾಯಿದೆಯಿದೆ. ಮನೆಗೆ ಬಂದು ಮೆಚ್ಚಿಕೊಳ್ಳುವವರಿಗೆ ಇವೆರಡನ್ನೂ ವಿನಯದಿಂದ ನೆನಪಿಸಿ. ಇನ್ನು, ಕಷ್ಟ ಬಂದು ಮಾರಲೇಬೇಕಾಯಿತೆನ್ನಿ. ಮಾರಿದವರನ್ನು ನಾನು ಹಳಿಯಲಾರೆ, ನಾನೇ ಅದರ ಫಲ ಉಂಡವಳು. ಆದರೆ ಮಾರುವ ಮೊದಲು ಒಂದು ಫೋಟೋ ತೆಗೆದಿಡಿ, ಅಳತೆ ಬರೆದಿಡಿ, ಮಕ್ಕಳಿಗೆ ನಿಜ ಹೇಳಿ.

ಹೋದ ವರ್ಷ ಅಣ್ಣನ ಮಗನ ಮದುವೆ ನಿಶ್ಚಯವಾಯಿತು. ಈ ಸಲ ಎರವಲು ಬೇಡ, ಹೊಸದು ಮಾಡಿಸೋಣ ಎಂದೆ. ಅಣ್ಣ "ಅಂಗಡಿಯಲ್ಲಿ ಸಿದ್ಧವಾದದ್ದು ಸಿಗುತ್ತಲ್ಲ" ಎಂದ. ಸಿಗುತ್ತದೆ, ನಿಜ. ಮದುವೆಯ ಫೋಟೋಕ್ಕೆ ಸಾಕಾಗುವಂಥದ್ದು. ನಾನು ಒಪ್ಪಲಿಲ್ಲ. ನಮ್ಮ ಊರಿನಿಂದ ಹನ್ನೆರಡು ಮೈಲಿ ದೂರದಲ್ಲಿ ಐರಿ ಮನೆತನದ ಹಿರಿಯರೊಬ್ಬರು ಇನ್ನೂ ಕುಲುಮೆ ಉರಿಸುತ್ತಾರೆಂದು ಕೇಳಿ ಹುಡುಕಿಕೊಂಡು ಹೋದೆ. ಅವರು ಅಲಗು ಬಡಿಯುವುದನ್ನು ಎರಡು ಶನಿವಾರ ಕುಳಿತು ನೋಡಿದೆ. ಕಾಯಿಸಿದ ಉಕ್ಕಿನ ಬಣ್ಣ ನೋಡಿಯೇ ಅದರ ಹದ ಹೇಳುತ್ತಿದ್ದರು. ಕೆಂಪಗೆ ಕಾದದ್ದನ್ನು ಒಮ್ಮೆಲೇ ತಣಿಸಿದರೆ ಗಡಸಾಗುತ್ತದೆ, ಆದರೆ ಗಾಜಿನಂತೆ ಒಡೆಯುತ್ತದೆ. ಮತ್ತೆ ಹಿತವಾಗಿ ಕಾಯಿಸಿ ಆ ಗಡಸನ್ನು ಸ್ವಲ್ಪ ಇಳಿಸಬೇಕು. "ಮಕ್ಕಳಿಗೂ ಹೀಗೇ ಅಲ್ಲವಾ ಟೀಚರೇ?" ಎಂದರು. ಬಿ.ಎಡ್.ನಲ್ಲಿ ಒಂದು ವರ್ಷ ಕಲಿಸಿದ್ದನ್ನು ಒಂದು ಮಾತಿನಲ್ಲಿ ಮುಗಿಸಿದರು.

ಹಿಡಿಗೆ ಬೀಟೆ ಮರ. ಒರೆ ಮತ್ತು ಸರಪಳಿಗೆ ನನ್ನ ಮದುವೆಯ ಬೆಳ್ಳಿ ಕಾಲ್ಗೆಜ್ಜೆ, ಅವ್ವ ಬಿಟ್ಟುಹೋದ ಬೆಳ್ಳಿಯ ಕುಂಕುಮದ ಭರಣಿ ಕರಗಿಸಲು ಕೊಟ್ಟೆ. ಬೆಳ್ಳಿ ಕೆಲಸದವರು ಗೊಂಚಲಿನ ಸಾಮಾನುಗಳ ಪಟ್ಟಿ ಕೇಳಿದರು. ಬರೆದುಕೊಟ್ಟೆ. ಕಿವಿಯ ಚಮಚವೊಂದನ್ನು ಹಿತ್ತಾಳೆಯಲ್ಲೇ ಮಾಡಿ ಎಂದೆ. ಅವರು ಕಣ್ಣು ಬಿಟ್ಟು ನೋಡಿದರು. ಬೆಳ್ಳಿ ಸಾಲದೆ ಹೋಯಿತೇನೋ ಅಂದುಕೊಂಡಿರಬೇಕು.

ಮನೆಯ ಪುಸ್ತಕದಲ್ಲಿ ಹೊಸ ಪುಟ ತೆಗೆದು ದಿನಾಂಕ, ಅಳತೆ, ಅಲಗು ಬಡಿದವರ ಹೆಸರು, ಬೆಳ್ಳಿ ಕೆಲಸ ಮಾಡಿದವರ ಹೆಸರು ಬರೆದೆ. ಅಲಗಿನ ಬುಡದಲ್ಲಿ ನಿಮ್ಮ ಹೆಸರು ಕೊರೆಯಿರಿ ಎಂದು ಆ ಹಿರಿಯರನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಒಂದು ಚಿಕ್ಕ ಅಕ್ಷರ ಹೊಡೆದರು, ಒರೆಯೊಳಗೆ ಹೋದರೆ ಕಾಣದಂಥ ಜಾಗದಲ್ಲಿ. ಈ ಲೇಖನದಲ್ಲಿ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಕೆಳಗಿನ ಸಾಲಿನಲ್ಲಿ 1989ರ ಲೆಕ್ಕವನ್ನೂ ಬರೆದಿದ್ದೇನೆ: ಹಳೆಯ ಪೀಚೆಕತ್ತಿಯನ್ನು ಮಗಳ ಓದಿಗಾಗಿ ಅಪ್ಪ ಮಾರಿದ್ದು.

ಕಳೆದ ಕೈಲ್‌ಪೊಳ್ದ್‌ನ ಹಿಂದಿನ ದಿನ ಹೊಸ ಸೊಸೆ ಚಾಪೆಯ ಮೇಲೆ ಕುಳಿತು ಸರಪಳಿ ಒರೆಸುತ್ತಿದ್ದಳು. "ಅ‍ತ್ತೆ, ಇದೊಂದು ಯಾಕೆ ಹಳದಿ?" ಎಂದಳು. ನಾನು ಎಣ್ಣೆಯ ಬಟ್ಟೆ ಕೆಳಗಿಟ್ಟು ಅವಳ ಪಕ್ಕ ಕುಳಿತೆ. ಈ ಸಲ ರಿಪೇರಿಯ ಕಥೆ ಹೇಳಲಿಲ್ಲ.